ಮೂರೂರಿನ ಲೆಕ್ಕದ ಮಾಷ್ಟ್ರು

ಮನೆಪಾಠ ಹೇಳುವವನಿಗೆ ಸಮಾಜದಲ್ಲಿ ನಿಶ್ಚಿತವಾದ ಸ್ಥಾನವೆಂಬುದಿಲ್ಲ. ವೈದ್ಯರಿಗೆ ಬಾಗಿಲಲ್ಲಿ ಬೋರ್ಡು ಉಂಟು, ವಕೀಲರಿಗೆ ಕರಿಯ ಕೋಟು ಉಂಟು. ಮನೆಪಾಠದವನಿಗಿರುವುದು ಒಂದು ಕೈಚೀಲ, ಎರಡು ಪೆನ್ಸಿಲು, ಮತ್ತು ತಿಂಗಳ ಮೊದಲ ವಾರದಲ್ಲಿ ಸಂಬಳ ಕೇಳುವ ಸಂಕೋಚ. ಅದರಲ್ಲಿಯೂ ನಾನು ಪಾಠ ಹೇಳುವುದು ಚಿಕ್ಕ ಮಕ್ಕಳಿಗಲ್ಲ. ಪದವಿ ತರಗತಿಗಳಲ್ಲಿ ಗಣಿತವನ್ನು ಓದುವ, ಮೀಸೆ ಮೂಡಿದ ಹುಡುಗರಿಗೆ ಮತ್ತು ಮನೆಯಲ್ಲಿ ಮದುವೆಯ ಮಾತು ಆರಂಭವಾಗಿರುವ ಹುಡುಗಿಯರಿಗೆ. ಬಸ್ಸಿನಲ್ಲಿ ಪರಿಚಯವಾದವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. "ಹತ್ತನೇ ಕ್ಲಾಸಿಗೆ ಟ್ಯೂಷನ್ ಅಂದರೆ ಸರಿ. ಕಾಲೇಜಿನವರಿಗೂ ಎಂತ ಟ್ಯೂಷನ್ ಮಾರಾಯ್ರೆ?" ಎನ್ನುತ್ತಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಪ್ರಶ್ನೆಗೆ ನಾನು ನಕ್ಕು ಸುಮ್ಮನಾಗಿದ್ದೇನೆ. ಇಂದು ಉತ್ತರ ಹೇಳೋಣವೆಂದು ಕುಳಿತಿದ್ದೇನೆ.

ನನ್ನ ವೃತ್ತಿಯ ಭೂಗೋಳವನ್ನು ಮೊದಲು ನಿವೇದಿಸಬೇಕು. ವಾಸ ಕುಂದಾಪುರದಲ್ಲಿ. ವಾರದಲ್ಲಿ ಎರಡು ದಿನ ಉತ್ತರಕ್ಕೆ, ಬೈಂದೂರಿಗೆ. ಎರಡು ದಿನ ದಕ್ಷಿಣಕ್ಕೆ, ಬ್ರಹ್ಮಾವರಕ್ಕೆ. ಉಳಿದ ದಿನಗಳಲ್ಲಿ ನನ್ನ ಮನೆಯ ಚಾವಡಿಯೇ ಪಾಠಶಾಲೆ. ಬೈಂದೂರಿನ ದಾರಿಯಲ್ಲಿ ತಲ್ಲೂರು, ಹೆಮ್ಮಾಡಿ, ತ್ರಾಸಿಗಳನ್ನು ದಾಟಿದರೆ ಮರವಂತೆ. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಬ್ರಹ್ಮಾವರದ ದಾರಿಯಲ್ಲಿ ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮಗಳು ಒಂದಾದ ಮೇಲೊಂದು ಬರುತ್ತವೆ. ಈ ತುದಿಯಿಂದ ಆ ತುದಿಗೆ 50 ಕಿಲೋಮೀಟರಿಗೂ ಹೆಚ್ಚಿನ ಹಾದಿ. ನಾನು ಪಾಠ ಆರಂಭಿಸಿದಾಗ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳೂ ಬೇರೆ ಬೇರೆ ತಾಲೂಕುಗಳಾದವು. ಹೀಗೆ ಒಂದು ಹೆಜ್ಜೆಯೂ ಹೆಚ್ಚು ನಡೆಯದೆ ನಾನು ಎರಡು ತಾಲೂಕುಗಳ ಮಾಷ್ಟರಿಕೆಯಿಂದ ಮೂರು ತಾಲೂಕುಗಳ ಮಾಷ್ಟರಿಕೆಗೆ ಬಡ್ತಿ ಹೊಂದಿದವನು!

ನಾನು ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಸಂಜೆ ದೀಪ ಹಚ್ಚಿದೊಡನೆ ಕೈಕಾಲು ತೊಳೆದು, ಭಜನೆಯ ಬೆನ್ನಿಗೇ ಮಗ್ಗಿ ಹೇಳಬೇಕೆಂಬುದು ಮನೆಯ ಕಟ್ಟಳೆ. ಹಿರಿಯರಿಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಬಾಯಿಪಾಠವಾಗಿತ್ತು. ಅಕ್ಕಿಯ ಮುಡಿ, ತೆಂಗಿನಕಾಯಿ, ಗೇಣಿಗಳ ಲೆಕ್ಕಕ್ಕೆ ಅವರು ಕಾಗದ ಹಿಡಿದದ್ದನ್ನು ನಾನು ನೋಡಿಲ್ಲ. ಶಾಲೆಯಲ್ಲಿ ಲ.ಸಾ.ಅ., ಮ.ಸಾ.ಅ., ಭಿನ್ನರಾಶಿ, ಸಮೀಕರಣ—ಎಲ್ಲವೂ ಕನ್ನಡದಲ್ಲಿಯೇ ನಡೆಯಿತು. ಆಮೇಲೆ ಕಾಲೇಜು ಸೇರಿದ ಮೊದಲ ದಿನ, ಆತ್ಮೀಯರೆಲ್ಲರೂ ಹೆಸರು ಬದಲಾಯಿಸಿಕೊಂಡು ಕುಳಿತಿದ್ದರು. ಲ.ಸಾ.ಅ. ಎಲ್ಸಿಎಂ ಆಗಿತ್ತು; ಛೇದ ಡಿನಾಮಿನೇಟರ್ ಆಗಿತ್ತು. ಅವರ ಗುರುತು ಹಿಡಿಯುವುದಕ್ಕೇ ನನಗೆ ಆರು ತಿಂಗಳು ಬೇಕಾಯಿತು. ಗಣಿತ ಕಠಿಣವಾಗಿರಲಿಲ್ಲ, ಗಣಿತದ ಉಡುಪು ಅಪರಿಚಿತವಾಗಿತ್ತು. ಈ ವ್ಯತ್ಯಾಸವನ್ನು ಆಗಲೇ ಮನಗಂಡದ್ದು ಮುಂದೆ ನನ್ನ ಅನ್ನಕ್ಕೆ ದಾರಿಯಾಯಿತು.

ನಮ್ಮ ಕಡೆಯವರಿಗೆ ಉನ್ನತ ವಿದ್ಯೆ ಹತ್ತಿರ ಬಂದದ್ದು ಬಹಳ ಹಿಂದಿನ ಸಂಗತಿಯಲ್ಲ. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ ಆರಂಭವಾಯಿತು. ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಬಂದದ್ದು 1963ರಲ್ಲಿ. ಕ್ರಮೇಣ ಬ್ರಹ್ಮಾವರ, ಬೈಂದೂರುಗಳಲ್ಲಿಯೂ ಪದವಿ ಕಾಲೇಜುಗಳಾದವು. ಕೊಣಾಜೆಯ ಗುಡ್ಡದ ಮೇಲೆ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಾದ ಕೆಲವು ವರ್ಷಗಳಲ್ಲಿ ನಾನು ಅಲ್ಲಿಯೇ ಗಣಿತದ ಎಂ.ಎಸ್ಸಿ. ಮಾಡಿಕೊಂಡು ಊರಿಗೆ ಹಿಂದಿರುಗಿದೆ. ಕೆಲಕಾಲ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿಯೂ ಇದ್ದೆ. ಆ ತಾತ್ಕಾಲಿಕತೆ ಶಾಶ್ವತವಾಗುವ ಲಕ್ಷಣ ಕಂಡಾಗ ಮನೆಪಾಠವನ್ನೇ ಹಿಡಿದೆ.

ಕಾಲೇಜುಗಳೇನೋ ಮನೆಯ ಹತ್ತಿರ ಬಂದವು. ಆದರೆ ಕಾಲೇಜಿನಿಂದ ಮನೆಗೆ ಬಂದ ವಿದ್ಯಾರ್ಥಿಗೆ ಪುಸ್ತಕ ತೆರೆದಾಗ ಸಂಶಯ ಹುಟ್ಟಿದರೆ ಕೇಳುವುದು ಯಾರಲ್ಲಿ? ತಂದೆ ಮೀನುಗಾರಿಕೆಯಲ್ಲಿಯೋ, ಬೆಂಗಳೂರಿನ ಹೋಟೆಲಿನಲ್ಲಿಯೋ ಇರುತ್ತಾರೆ. ತಾಯಿ ಗದ್ದೆಯ, ಗೇರುಬೀಜದ ಕೆಲಸ ಮುಗಿಸಿ ಬಂದಿರುತ್ತಾಳೆ. ಆ ಮನೆತನದಲ್ಲಿ ಪದವಿಯ ಮೆಟ್ಟಿಲನ್ನು ಮೊದಲು ಹತ್ತಿದವರು ಈ ಮಕ್ಕಳೇ. ಅಂಥವರಿಗೆ ಸಂಜೆಯ ಹೊತ್ತು ಒಬ್ಬ ಅಣ್ಣನೋ ಮಾವನೋ ಮಾಡಬೇಕಾಗಿದ್ದ ಕೆಲಸವನ್ನು ನಾನು ಸಂಬಳ ತೆಗೆದುಕೊಂಡು ಮಾಡುತ್ತೇನೆ. ಕಾಲೇಜಿನವರಿಗೂ ಟ್ಯೂಷನ್ ಏಕೆಂಬುದಕ್ಕೆ ಇದು ನನ್ನ ಮೊದಲನೆಯ ಉತ್ತರ.

ಎರಡನೆಯ ಉತ್ತರ ಸ್ವಲ್ಪ ಸೂಕ್ಷ್ಮವಾದದ್ದು. ವಿದ್ಯಾರ್ಥಿಗಳು ನನ್ನ ಬಳಿಗೆ ತರುವ ಕಾಯಿಲೆಯ ಹೆಸರು ಯಾವಾಗಲೂ ದೊಡ್ಡದು. "ಮಾಷ್ಟ್ರೆ, ಇಂಟಿಗ್ರೇಷನ್ ತಲೆಗೆ ಹೋಪುದಿಲ್ಲ," ಎಂದು ಹುಡುಗನೊಬ್ಬ ಬರುತ್ತಾನೆ. ನಾನು ಒಂದು ಲೆಕ್ಕ ಕೊಟ್ಟು ಸುಮ್ಮನೆ ನೋಡುತ್ತ ಕೂರುತ್ತೇನೆ. ಇಂಟಿಗ್ರೇಷನ್ನಿನ ಹೆಜ್ಜೆಗಳನ್ನೆಲ್ಲ ಆತ ಸರಿಯಾಗಿಯೇ ಇಡುತ್ತಾನೆ. ಮೂರನೆಯ ಸಾಲಿನಲ್ಲಿ ಮಾತ್ರ, ಎರಡು ಸಂಖ್ಯೆಗಳ ಮೊತ್ತದಿಂದ ಒಂದನ್ನು ಭಾಗಿಸಬೇಕಾದಲ್ಲಿ, ಒಂದೊಂದರಿಂದಲೂ ಬೇರೆ ಬೇರೆಯಾಗಿ ಭಾಗಿಸಿ ಕೂಡಿಸುತ್ತಾನೆ. ರೋಗ ಇರುವುದು ಪದವಿ ತರಗತಿಯಲ್ಲಲ್ಲ. ಏಳನೆಯ ತರಗತಿಯ ಭಿನ್ನರಾಶಿಯಲ್ಲಿ! ಅದನ್ನು ಅವನಿಗೆ ನೇರವಾಗಿ ಹೇಳಿದರೆ ಅವಮಾನವಾದೀತು. ಆದುದರಿಂದ ನನ್ನದೊಂದು ಉಪಾಯವುಂಟು. "ಅಕ್ಷರಗಳ ಬದಲು ಅಂಕಿ ಹಾಕಿ ನೋಡು," ಎನ್ನುತ್ತೇನೆ. ಎರಡೂ ಕಡೆ 2 ಎಂದು ಹಾಕಿದರೆ, ಮೊತ್ತ 4. ಒಂದನ್ನು ನಾಲ್ಕರಿಂದ ಭಾಗಿಸಿದರೆ ಕಾಲು. ಅವನ ದಾರಿಯಲ್ಲಿ ಹೋದರೆ ಅರ್ಧಕ್ಕೆ ಅರ್ಧ ಸೇರಿ ಒಂದು. "ಕಾಲು ತೆಂಗಿನಕಾಯಿಗೂ ಒಂದು ಇಡೀ ತೆಂಗಿನಕಾಯಿಗೂ ವ್ಯತ್ಯಾಸ ಇಲ್ಲವಾ?" ಎಂದರೆ ಹುಡುಗ ನಗುತ್ತಾನೆ. ಆ ನಗುವಿನೊಡನೆ ಐದಾರು ವರ್ಷಗಳ ಹಿಂದೆ ಮುರಿದಿದ್ದ ಏಣಿಯ ಒಂದು ಮೆಟ್ಟಿಲು ರಿಪೇರಿಯಾಗುತ್ತದೆ.

ಅರುವತ್ತು ಮಂದಿ ಕುಳಿತ ತರಗತಿಯಲ್ಲಿ ಉಪನ್ಯಾಸಕರು ಇದನ್ನು ಮಾಡುವುದು ಹೇಗೆ? ಅವರಿಗೆ ಪಾಠಪಟ್ಟಿಯನ್ನು ಮುಗಿಸುವ ಹೊಣೆಯಿದೆ. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. 2021ರಲ್ಲಿ ನಾಲ್ಕು ವರ್ಷದ ಪದವಿಯ ಹೊಸ ಶಿಕ್ಷಣ ನೀತಿ ಬಂತು. 2024ರಲ್ಲಿ ರಾಜ್ಯ ಸರಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿಗಳು ಎಷ್ಟು ಬದಲಾದರೂ ಭಿನ್ನರಾಶಿ ಮಾತ್ರ ತನ್ನ ನಿಯಮವನ್ನು ಬಿಟ್ಟುಕೊಟ್ಟಿಲ್ಲ.

ಎಲ್ಲ ಕಷ್ಟಗಳೂ ಏಳನೆಯ ತರಗತಿಯವೆಂದು ವಾಚಕರು ಭಾವಿಸಬಾರದು. ನಿಜವಾಗಿಯೇ ಕಠಿಣವಾದ ಸ್ಥಳಗಳು ಇವೆ. ರಿಯಲ್ ಅನಾಲಿಸಿಸ್ ಎಂಬ ವಿಷಯದಲ್ಲಿ ಲಿಮಿಟ್, ಕಂಟಿನ್ಯುಯಿಟಿಗಳ ವ್ಯಾಖ್ಯೆ ಬರುತ್ತದೆ. ಎಪ್ಸಿಲಾನ್, ಡೆಲ್ಟಾ ಎಂಬ ಎರಡು ಗ್ರೀಕ್ ಅಕ್ಷರಗಳು ಅಲ್ಲಿ ದ್ವಾರಪಾಲಕರಂತೆ ನಿಂತಿರುತ್ತವೆ. ಬಹುಮಂದಿ ಅವುಗಳ ಮುಖ ನೋಡಿಯೇ ಹಿಂದಿರುಗುತ್ತಾರೆ. ಅಂಥವರಿಗೆ ನಾನು ಮೊದಲು ಚರಿತ್ರೆ ಹೇಳುತ್ತೇನೆ. ನ್ಯೂಟನ್ನನೂ ಲೈಬ್ನಿಟ್ಸನೂ ಕಲನಶಾಸ್ತ್ರವನ್ನು ಹದಿನೇಳನೆಯ ಶತಮಾನದಲ್ಲಿಯೇ ಕಟ್ಟಿದರು. ಆದರೆ ಲಿಮಿಟ್ ಎಂದರೇನೆಂಬುದನ್ನು ಭದ್ರವಾದ ತಳಹದಿಯ ಮೇಲೆ ನಿಲ್ಲಿಸಲು ಫ್ರಾನ್ಸಿನ ಕೋಶಿ 1821ರಲ್ಲಿ ತನ್ನ ಗ್ರಂಥವನ್ನು ಬರೆಯಬೇಕಾಯಿತು. ಆಮೇಲೆ ಜರ್ಮನಿಯ ವೈಯರ್‌ಸ್ಟ್ರಾಸ್ ಅದಕ್ಕೆ ಇಂದಿನ ರೂಪ ಕೊಡಬೇಕಾಯಿತು. ಮಹಾಮೇಧಾವಿಗಳಿಗೆ ನೂರೈವತ್ತು ವರ್ಷ ಹಿಡಿದದ್ದು ನಿನಗೆ ಒಂದು ಸೆಮಿಸ್ಟರಿನಲ್ಲಿ ಗೊಂದಲವಾದರೆ ಅದರಲ್ಲಿ ನಾಚಿಕೆಯೇನು?—ಎಂದರೆ ಅವರ ಭುಜಗಳು ಸ್ವಲ್ಪ ಹಗುರಾಗುತ್ತವೆ.

ಬಳಿಕ ಹೆಂಚಿನ ಕಾರ್ಖಾನೆಗೆ ಬರುತ್ತೇನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯಲ್ಲಿ ಹೆಂಚೆಂದರೆ ಎಲ್ಲರಿಗೂ ಪರಿಚಿತವಷ್ಟೆ. ಹಸಿ ಹೆಂಚು ಒಣಗಿ, ಸುಟ್ಟು ಹೊರಬರುವಾಗ ಕುಗ್ಗುತ್ತದೆ. ಗಿರಾಕಿಯೊಬ್ಬ ಬಂದು, "ಸುಟ್ಟ ಹೆಂಚಿನ ಅಳತೆಯಲ್ಲಿ ಇಷ್ಟಕ್ಕಿಂತ ಹೆಚ್ಚು ವ್ಯತ್ಯಾಸ ಕೂಡದು," ಎನ್ನುತ್ತಾನೆ. ಕಾರ್ಖಾನೆಯವನು, "ಹಾಗಾದರೆ ಹಸಿ ಹೆಂಚಿನ ಅಳತೆಯನ್ನು ನಾನು ಇಷ್ಟರೊಳಗೆ ಹಿಡಿದಿಡುತ್ತೇನೆ," ಎನ್ನುತ್ತಾನೆ. ಗಿರಾಕಿಯ ಹಟ ಎಪ್ಸಿಲಾನ್. ಕಾರ್ಖಾನೆಯವನ ಎಚ್ಚರಿಕೆ ಡೆಲ್ಟಾ. ಮೊದಲು ಮಾತನಾಡುವವನು ಗಿರಾಕಿ. ಆತ ಎಷ್ಟು ಸಣ್ಣ ವ್ಯತ್ಯಾಸ ಹೇಳಿದರೂ ಕಾರ್ಖಾನೆಯವನಲ್ಲಿ ಉತ್ತರವಿರಬೇಕು. ಎಂಥ ಗಿರಾಕಿಗೂ ಉತ್ತರವಿದ್ದರೆ ಅದೇ ಕಂಟಿನ್ಯುಯಿಟಿ. ಈ ಕತೆಯನ್ನು ಕನ್ನಡದಲ್ಲಿ ಕೇಳಿದ ಮೇಲೆ ಇಂಗ್ಲಿಷಿನ ಆ ಒಂದು ಸಾಲನ್ನು ಉರುಹೊಡೆಯಬೇಕಾಗುವುದಿಲ್ಲ. ಅದು ತಾನಾಗಿಯೇ ಬರುತ್ತದೆ.

ಕನ್ನಡದಲ್ಲಿ ಗಣಿತ ಹೇಳುವುದು ಕಡಮೆ ದರ್ಜೆಯದೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಹನ್ನೆರಡನೆಯ ಶತಮಾನದಷ್ಟು ಹಿಂದೆ ರಾಜಾದಿತ್ಯನು 'ವ್ಯವಹಾರಗಣಿತ'ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನೆಂಬುದನ್ನು ಅಂಥವರಿಗೆ ನಾನು ವಿನಯದಿಂದ ನೆನಪಿಸುತ್ತೇನೆ. ತಿಳಿಯುವುದು ಮನೆಯ ಮಾತಿನಲ್ಲಿ, ಬರೆಯುವುದು ಪರೀಕ್ಷೆಯ ಭಾಷೆಯಲ್ಲಿ. ಇದು ನನ್ನ ಚಾವಡಿಯ ಕಾನೂನು.

ಇನ್ನು ನನ್ನ ವೃತ್ತಿಯ ನಿಜವಾದ ಇಕ್ಕಟ್ಟನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಬೈಂದೂರಿನ ಕಡೆಯ ಹುಡುಗಿಯೊಬ್ಬಳು ತಾಯಿಯೊಡನೆ ಬಂದಳು. ಅನಾಲಿಸಿಸ್ ಪತ್ರಿಕೆಯಲ್ಲಿ ಎರಡು ಬಾರಿ ಅನುತ್ತೀರ್ಣಳಾಗಿದ್ದಳು. ಉಳಿದೆಲ್ಲ ವಿಷಯಗಳೂ ಮುಗಿದಿದ್ದವು. ಈ ಒಂದು ಪತ್ರಿಕೆ ಗಂಟಲಿನ ಮುಳ್ಳಾಗಿತ್ತು. ತಾಯಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸ. ಈ ಬಾರಿಯೂ ಆಗದಿದ್ದರೆ ಮಗಳನ್ನೂ ತನ್ನೊಡನೆ ಅಲ್ಲಿಗೇ ಕರೆದೊಯ್ಯುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಪಾಸಾರೆ ಸಾಕ್ ಮಾಷ್ಟ್ರೆ, ಮತ್ತೆಂತದೂ ಬೇಡ," ಎಂದರು ಆ ತಾಯಿ. ಪರೀಕ್ಷೆಗೆ ಉಳಿದಿದ್ದದ್ದು ಹನ್ನೊಂದು ವಾರ.

ಪಾಸು ಮಾಡಿಸುವುದಕ್ಕೆ ಒಂದು ರಾಜಮಾರ್ಗ ಉಂಟು. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು, ಪದೇ ಪದೇ ಬರುವ ಹತ್ತು ಪ್ರಮೇಯಗಳನ್ನು ಆರಿಸಿ, ಸಾಲು ಸಾಲಾಗಿ ಬಾಯಿಪಾಠ ಮಾಡಿಸುವುದು. ನೂರಕ್ಕೆ ತೊಂಬತ್ತು ಮಂದಿ ತಂದೆತಾಯಿಗಳು ಸಂಬಳ ಕೊಡುವುದು ಇದಕ್ಕಾಗಿಯೇ ಎಂದರೂ ನಡೆದೀತು. ಆದರೆ ಆ ಹುಡುಗಿ ಎರಡು ಬಾರಿ ಸೋತದ್ದೂ ಅದೇ ಮಾರ್ಗದಲ್ಲಿ. ಐದನೆಯ ಸಾಲು ಮರೆತರೆ ಆರನೆಯ ಸಾಲು ಬರುವುದಿಲ್ಲ. ಅರ್ಥವಿಲ್ಲದ ಸಾಲುಗಳಿಗೆ ಪರಸ್ಪರ ಕೈಹಿಡಿದು ನಡೆಯುವ ಶಕ್ತಿಯಿಲ್ಲ. ಅರ್ಥ ಮಾಡಿಸುತ್ತ ಹೋದರೆ ಹನ್ನೊಂದು ವಾರ ಸಾಲದು. ಬಾಯಿಪಾಠ ಮಾಡಿಸಿದರೆ ಮೂರನೆಯ ಸೋಲು ಖಂಡಿತ. ಕೊನೆಗೆ ಪಾಠಪಟ್ಟಿಯ ಅರ್ಧವನ್ನೇ ಬಿಟ್ಟುಬಿಡಲು ನಿರ್ಧರಿಸಿದೆ. ಉಳಿದ ಅರ್ಧದಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಏಕೆ ಹೋಗುತ್ತೇವೆಂಬುದು ತಿಳಿಯದೆ ಮುಂದುವರಿಯಕೂಡದು ಎಂಬುದೇ ಕರಾರು. ತಾಯಿಗೆ ಇದನ್ನು ವಿವರಿಸಿದಾಗ ಅವರ ಮುಖದಲ್ಲಿ ಭಯ ಕಂಡಿತು. ಆದರೂ ಒಪ್ಪಿದರು.

ನನ್ನ ಪಾಠ ವಾರಕ್ಕೆ ಎರಡೇ ದಿನ. ಉಳಿದ ದಿನಗಳಿಗೆ ಒಂದು ವ್ಯವಸ್ಥೆ ಬೇಕಾಗಿತ್ತು. "ದಿನವೂ ರಾತ್ರಿ ಒಂದು ಪ್ರಮೇಯವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳು," ಎಂದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ತಾಯಿಗೆ ಪ್ರಮೇಯ ಹೇಳುವುದೆಂದರೆ ಹುಡುಗಿಗೆ ನಗೆ. ಆದರೆ ಹದಿನೈದು ದಿನಗಳಲ್ಲಿ ನಗು ಹೋಯಿತು. ತಾಯಿ ಏನೂ ತಿಳಿಯದವರಾದುದರಿಂದ ಏನನ್ನೂ ತಿಳಿದವರಂತೆ ನಟಿಸುತ್ತಿರಲಿಲ್ಲ. ಮೂರನೆಯ ಸಾಲಿಗೇ, "ಅದ್ ಯಾಕೆ ಹಾಂಗೆ?" ಎಂದು ಕೇಳುತ್ತಿದ್ದರಂತೆ. ಮಗಳು ತಡವರಿಸುತ್ತಿದ್ದಳು. ಮರುಪಾಠಕ್ಕೆ ಬರುವಾಗ ಆ "ಯಾಕೆ"ಗಳನ್ನೆಲ್ಲ ನೋಟುಪುಸ್ತಕದ ಅಂಚಿನಲ್ಲಿ ಬರೆದುಕೊಂಡು ಬರುತ್ತಿದ್ದಳು. ಅಷ್ಟು ಕಟ್ಟುನಿಟ್ಟಿನ ಪರೀಕ್ಷಕರನ್ನು ನಾನು ಕೊಣಾಜೆಯಲ್ಲಿಯೂ ಕಂಡಿರಲಿಲ್ಲ.

ಎಂಟನೆಯ ವಾರವಿರಬೇಕು. ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗಿ ಬಂದ ಜೆರಾಕ್ಸ್ ಟಿಪ್ಪಣಿಯೊಂದನ್ನು ಹಿಡಿದುಕೊಂಡು ಬಂದಳು. ಕೋಶಿಯ ಮಧ್ಯಮಾನ ಪ್ರಮೇಯದ ಸಾಧನೆ ಅದರಲ್ಲಿತ್ತು. ಎರಡನೆಯ ಸಾಲಿನಲ್ಲಿ ಒಂದು ವ್ಯತ್ಯಾಸದಿಂದ ಭಾಗಿಸಿದ್ದರು. "ಮಾಷ್ಟ್ರೆ, ಈ ಛೇದ ಸೊನ್ನೆ ಆದರೆ ಎಂತ ಮಾಡುವುದು? ಇವರು ಹೇಳಲೇ ಇಲ್ಲವಲ್ಲ!" ಎಂದಳು. ನಾನು ಉತ್ತರ ಹೇಳದೆ ಅವಳ ಕಡೆ ನೋಡಿದೆ. ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿಕೊಂಡು ಕುಳಿತವಳು, "ಸೊನ್ನೆ ಆದರೆ ರೋಲನ ಪ್ರಮೇಯದ ಪ್ರಕಾರ ಮಧ್ಯದಲ್ಲಿ ಎಲ್ಲೋ ಡಿರಿವೇಟಿವ್ ಸೊನ್ನೆ ಆಗಬೇಕು. ಆಗಕೂಡದೆಂದು ಮೊದಲೇ ಕೊಟ್ಟಿದ್ದಾರೆ. ಆದ್ದರಿಂದ ಸೊನ್ನೆ ಆಗುವುದಿಲ್ಲ," ಎಂದು ತಾನೇ ಪೂರೈಸಿದಳು. ಎಷ್ಟೋ ತಂಡಗಳ ವಿದ್ಯಾರ್ಥಿಗಳು ಉರುಹೊಡೆದು ಬರೆದಿದ್ದ ಆ ಪುಟದಲ್ಲಿ ಬಿಟ್ಟುಹೋಗಿದ್ದ ಸಾಲನ್ನು, ಎರಡು ಬಾರಿ ಅನುತ್ತೀರ್ಣಳಾದ ಹುಡುಗಿ ಬರೆದು ಸೇರಿಸಿದಳು. ಪರೀಕ್ಷೆಯ ಫಲವೇನೇ ಆಗಲಿ, ಆಕೆ ಗಣಿತವನ್ನು ಗೆದ್ದ ದಿನ ಅದು.

ಫಲಿತಾಂಶವನ್ನು ತಿಳಿಯುವ ಕುತೂಹಲ ವಾಚಕರಿಗೆ ಸಹಜ. ಆಕೆ ಉತ್ತೀರ್ಣಳಾದಳು. ಅಂಕಗಳು ಊರಿಗೆ ಸಿಹಿ ಹಂಚುವಷ್ಟೇನೂ ಇರಲಿಲ್ಲ. ಅರ್ಧ ಪಾಠಪಟ್ಟಿ ಓದಿದವರಿಗೆ ಎಷ್ಟು ಬರಬೇಕೋ ಅಷ್ಟು ಬಂದಿದ್ದವು. ತಾಯಿ ತೆಂಗಿನಕಾಯಿ, ವೀಳ್ಯ ಹಿಡಿದುಕೊಂಡು ಬಂದಿದ್ದರು. ಹುಡುಗಿ ಮುಂದೆ ಬಿ.ಎಡ್. ಓದಿ, ಈಗ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಳೆ. ಭಿನ್ನರಾಶಿಯನ್ನು ಬಹಳ ನಿಧಾನವಾಗಿ ಕಲಿಸುತ್ತಾಳೆಂದು ಕೇಳಿದ್ದೇನೆ.

ಸೋತವರೆಲ್ಲರೂ ಒಳಗೊಳಗೆ ಮಹಾಪಂಡಿತರೆಂದು ನಾನು ವಾದಿಸುತ್ತಿಲ್ಲ. ಶ್ರೀನಿವಾಸ ರಾಮಾನುಜನ್ನರು ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದನ್ನೂ, ಹೊಟ್ಟೆಪಾಡಿಗಾಗಿ ಕೆಲಕಾಲ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದನ್ನೂ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ನನಗೆ ಜ್ಞಾಪಿಸುತ್ತಾನೆ. "ಅವರು ಅನುತ್ತೀರ್ಣರಾದದ್ದು ಗಣಿತವನ್ನು ಬಿಟ್ಟು ಬೇರೆ ವಿಷಯಗಳಲ್ಲಿ, ಮಾರಾಯ," ಎಂದು ನಾನೂ ಪ್ರತಿವರ್ಷ ಹೇಳುತ್ತೇನೆ. ನನ್ನ ಬಳಿಗೆ ಬರುವವರು ರಾಮಾನುಜನ್ನರಲ್ಲ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಂಪೆನಿಗಳಲ್ಲಿ ಮುಂದೆ ಕೆಲಸ ಮಾಡುವ ಸಾಮಾನ್ಯರು. ಹೇಳಿದ್ದನ್ನೆಲ್ಲ ನಂಬದೆ, "ಅದು ಏಕೆ?" ಎಂದು ಕೇಳುವ ಧೈರ್ಯ ಸಾಮಾನ್ಯರಿಗೂ ಬೇಕು.

ಈಗಂತೂ ಆ ಧೈರ್ಯದ ಅಗತ್ಯ ಹೆಚ್ಚಾಗಿದೆ. 2020ರಲ್ಲಿ ಕೊರೋನಾ ಬಂದು ಕಾಲೇಜುಗಳು ಮುಚ್ಚಿದಾಗ ನಾನು ದೂರವಾಣಿಯಲ್ಲಿಯೇ ಪಾಠ ಹೇಳಿದೆ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಕೊಡೆ ಹಿಡಿದು ಕುಳಿತ ಹುಡುಗರಿದ್ದರು. ಅಂದು ಪಾಠಕ್ಕಾಗಿ ಕೈಗೆ ಬಂದ ಅದೇ ಮೊಬೈಲಿನಲ್ಲಿ ಇಂದು ಪ್ರಶ್ನೆಯ ಚಿತ್ರ ತೆಗೆದರೆ ಉತ್ತರ ಮಾತ್ರವಲ್ಲ, ಪ್ರತಿಯೊಂದು ಹೆಜ್ಜೆಯೂ ಕ್ಷಣದಲ್ಲಿ ಬರುತ್ತದೆ. "ಇನ್ನು ನಿಮಗೆ ಕೆಲಸವಿಲ್ಲ ಮಾಷ್ಟ್ರೆ," ಎಂದು ಹುಡುಗರು ಪರಿಹಾಸ ಮಾಡುತ್ತಾರೆ. ಆದರೆ ಉತ್ತರವನ್ನು ಹಿಡಿದುಕೊಂಡು ಬಂದು, ಅದು ಉತ್ತರ ಹೇಗಾಯಿತೆಂದು ಕೇಳುವವರೂ ಅವರೇ. ಬಂದ ಉತ್ತರ ಸರಿಯೋ ತಪ್ಪೋ ಎಂದು ತೂಗುವ ತಕ್ಕಡಿ ಇರಬೇಕಾದದ್ದು ಅವರವರ ತಲೆಯಲ್ಲಿ.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರಿಗೆ ನನ್ನದೊಂದು ವಿಜ್ಞಾಪನೆ. ಎಷ್ಟು ಅಂಕ ಬಂತೆಂದು ಕೇಳುವುದನ್ನು ನೀವು ಬಿಡಲಾರಿರಿ, ಕೇಳಿಕೊಳ್ಳಿ. ಆದರೆ ವಾರಕ್ಕೊಂದು ಸಂಜೆ ದೂರದರ್ಶನ ಆರಿಸಿ, ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿ, ಆ ವಾರ ಕಲಿತದ್ದರಲ್ಲಿ ಒಂದನ್ನು ನಿಮಗೆ ತಿಳಿಯುವ ಮಾತಿನಲ್ಲಿ ಹೇಳಲು ಹೇಳಿ. ನಿಮಗೆ ಗಣಿತ ಬರಬೇಕಾದದ್ದಿಲ್ಲ. ತಿಳಿಯದಾಗ ತಿಳಿಯಲಿಲ್ಲವೆಂದು ಹೇಳಿದರೆ ಸಾಕು. ಇದರಿಂದ ನನ್ನಂಥ ಕೆಲವರ ಸಂಪಾದನೆಗೆ ಧಕ್ಕೆ ಬರಬಹುದು. ಬೈಂದೂರಿನ ಬಸ್ಸಿನಲ್ಲಿ ನನ್ನ ಸೀಟು ಖಾಲಿಯಾದರೆ, ಮರವಂತೆಯಲ್ಲಿ ಕಡಲು ನೋಡುವುದಕ್ಕೆ ಮತ್ತೊಬ್ಬರಿಗೆ ಅವಕಾಶವಾದೀತು.